ಲೆಕ್ಕಕ್ಕುಂಟು, ಆಟಕ್ಕಿಲ್ಲ

ಎಂಟು ವರ್ಷಗಳ ಹಿಂದಿನ ಮಾತು. ಮಂಚೇನಹಳ್ಳಿ ಆಗಿನ್ನೂ ಗೌರಿಬಿದನೂರು ತಾಲ್ಲೂಕಿನ ಒಂದು ಹೋಬಳಿ. ನಾನು ಸರ್ಕಾರಿ ಸೇವೆಯಿಂದ ನಿವೃತ್ತನಾಗಿ ಊರಿಗೆ ಮರಳಿದ ಹೊಸತು. ಹೋಬಳಿ ಮಟ್ಟದ ಪ್ರಾಥಮಿಕ ಶಾಲಾ ಮಕ್ಕಳ ಕ್ರೀಡಾಕೂಟಕ್ಕೆ ನನ್ನನ್ನೂ ಕರೆದಿದ್ದರು. ಬಾಲಕಿಯರ 200 ಮೀಟರ್ ಓಟದಲ್ಲಿ ಒಬ್ಬ ಹುಡುಗಿ ಬರಿಗಾಲಲ್ಲಿ ಓಡಿ, ಎರಡನೆಯವಳಿಗಿಂತ ಹತ್ತು ಹೆಜ್ಜೆ ಮುಂದೆ ಬಂದು ಗೆರೆ ಮುಟ್ಟಿದಳು. ಏಳನೆಯ ತರಗತಿ, ಹನ್ನೆರಡರ ವಯಸ್ಸು. ಚಪ್ಪಾಳೆ ತಟ್ಟಿದವರಲ್ಲಿ ಅವಳ ಮನೆಯವರು ಯಾರೂ ಇರಲಿಲ್ಲ.

ಮರುದಿನವೇ ನಾನು ಗೌರಿಬಿದನೂರಿಗೆ ಹೋಗಿ ಅವಳಿಗೊಂದು ಜೊತೆ ಓಟದ ಬೂಟು ತಂದೆ. ಶಾಲೆಯ ಶಿಕ್ಷಕರ ಕೈಗೆ ಬಸ್ ಚಾರ್ಜಿಗೆಂದು ಐನೂರು ರೂಪಾಯಿ ಕೊಟ್ಟೆ. ನನ್ನ ಕರ್ತವ್ಯ ಮುಗಿಯಿತು ಎಂದುಕೊಂಡೆ. ಹತ್ತು ದಿನದ ನಂತರ ನಡೆದ ತಾಲ್ಲೂಕು ಮಟ್ಟದ ಕೂಟಕ್ಕೆ ಆ ಹುಡುಗಿ ಹೋಗಲೇ ಇಲ್ಲ. ಶಿಕ್ಷಕರು ಐನೂರು ರೂಪಾಯಿಯನ್ನು ಹಿಂದಿರುಗಿಸಿದರು.

ನನಗೆ ಸ್ವಲ್ಪ ಸಿಟ್ಟೇ ಬಂತು. 'ಈ ಜನಕ್ಕೆ ಮಕ್ಕಳ ಭವಿಷ್ಯದ ಚಿಂತೆಯೇ ಇಲ್ಲ' ಎಂದು ಮನೆಯಲ್ಲಿ ಗೊಣಗಿದೆ. ನನ್ನ ಮನೆಯವರು, 'ಹೋಗಿ ಕೇಳಿ ಬನ್ನಿ, ಆಮೇಲೆ ಬೈಯಿರಿ' ಎಂದರು. ಹೋದೆ. ಗೂಡಿನಲ್ಲಿ ಬೂಟಿನ ಡಬ್ಬಿ ಇಟ್ಟ ಹಾಗೆಯೇ ಇತ್ತು. ಅವಳ ತಾಯಿ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದ್ದು ಇಷ್ಟು: ಗಂಡ ಹೆಂಡತಿ ಇಬ್ಬರೂ ಒಬ್ಬರ ರೇಷ್ಮೆ ಹುಳು ಮನೆಯಲ್ಲಿ ಕೂಲಿಗೆ ಹೋಗುತ್ತಿದ್ದರು. ಹುಳು ನಾಲ್ಕನೇ ಜ್ವರ ಎದ್ದಿತ್ತು. ರೇಷ್ಮೆ ಹುಳು ತನ್ನ ಇಡೀ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚನ್ನು ಆ ಕೊನೆಯ ಒಂದು ವಾರದಲ್ಲೇ ತಿನ್ನುತ್ತದೆ. ಆ ವಾರ ಹಗಲು ರಾತ್ರಿ ಕೆಲಸ, ರಜ ಹಾಕಿದರೆ ಮುಂದಿನ ಬೆಳೆಗೆ ಕರೆಯುವುದಿಲ್ಲ. ಮನೆಯಲ್ಲಿ ಒಂದೂವರೆ ವರ್ಷದ ಗಂಡುಮಗು. ಅದನ್ನು ನೋಡಿಕೊಳ್ಳುವವಳು ಈ ಹುಡುಗಿಯೇ. 'ಇವಳು ಓಡೋಕೆ ಹೋದ್ರೆ ಅವನ್ನ ಯಾರು ಎತ್ಕೊಳ್ಳೋರು ಸಾರ್?' ಎಂದು ಆ ತಾಯಿ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಬೂಟಿಲ್ಲದ್ದು ಅಡ್ಡಿ ಎಂದು ನಾನು ಲೆಕ್ಕ ಹಾಕಿದ್ದೆ. ಅಡ್ಡಿ ಇದ್ದದ್ದು ಮಗುವಿನ ತೊಟ್ಟಿಲಲ್ಲಿ. ಮೂವತ್ತೈದು ವರ್ಷ ಎಂಜಿನಿಯರಾಗಿದ್ದವನು ಸ್ಥಳ ಪರಿಶೀಲನೆ ಮಾಡದೆ ಅಂದಾಜುಪಟ್ಟಿ ಬರೆದಿದ್ದೆ.

ಮೊಮ್ಮಗನ ಅಂದಾಜುಪಟ್ಟಿ

ಅದೇ ವರ್ಷ ಬೆಂಗಳೂರಿನಲ್ಲಿರುವ ನನ್ನ ಮೊಮ್ಮಗ ಏಳನೆಯ ವಯಸ್ಸಿಗೆ ಬ್ಯಾಡ್ಮಿಂಟನ್ ಅಕಾಡೆಮಿ ಸೇರಿದ. ಮಗಳ ಮನೆಗೆ ಹೋದಾಗಲೆಲ್ಲ ನಾನು ಅವನ ಜೊತೆ ಅಂಕಣಕ್ಕೆ ಹೋಗಿ ಕುಳಿತುಕೊಳ್ಳುತ್ತೇನೆ. ಹಳೆಯ ಅಭ್ಯಾಸಬಲದಿಂದ ಅವನ ಆಟಕ್ಕೆ ಬೇಕಾದದ್ದನ್ನೆಲ್ಲ ಒಮ್ಮೆ ಪಟ್ಟಿ ಮಾಡಿದೆ. ತಿಂಗಳ ಶುಲ್ಕ, ರಾಕೆಟ್, ಶಟಲ್, ಬೂಟು. ಇದು ದುಡ್ಡಿನ ಬಾಬ್ತು, ಎಲ್ಲರ ಕಣ್ಣಿಗೂ ಕಾಣುತ್ತದೆ. ಆಮೇಲೆ ವಾರಕ್ಕೆ ನಾಲ್ಕು ದಿನ ಸಂಜೆ ಕಾರಿನಲ್ಲಿ ಕರೆದೊಯ್ದು ಕರೆತರುವ ತಾಯಿ. ಅವಳು ಕಚೇರಿಯಿಂದ ಬೇಗ ಬರಲು ಅನುಮತಿ ಕೊಡುವ ನೌಕರಿ. ಚಿಕ್ಕವಳನ್ನು ನೋಡಿಕೊಳ್ಳುವ ಅಜ್ಜಿ. ಹಾಲು, ಬಾದಾಮಿ, ಮೊಳಕೆಕಾಳು. ಯಾವ ಅಕಾಡೆಮಿ ಒಳ್ಳೆಯದು, ಯಾರಿಗೆ ಫೋನ್ ಮಾಡಬೇಕು ಎಂದು ಬಲ್ಲ ಅಪ್ಪ. ಕೊನೆಯದಾಗಿ, ಸೋತು ಬಂದರೂ 'ಪರವಾಗಿಲ್ಲ, ನಾಳೆ ಮತ್ತೆ ಹೋಗು' ಎನ್ನುವ ಮನೆ.

ಇಷ್ಟರಲ್ಲಿ ಯಾವುದೂ ನನ್ನ ಮೊಮ್ಮಗನ ಪ್ರತಿಭೆಯಲ್ಲ. ಅವನು ಸಾಧಾರಣ ಆಟಗಾರ, ಅಜ್ಜನಾಗಿ ಹೇಳಲು ನನಗೆ ಸಂಕೋಚವಿಲ್ಲ. ಆದರೂ ಅವನು ಎಂಟು ವರ್ಷದಿಂದ ಆಡುತ್ತಿದ್ದಾನೆ, ಆರೋಗ್ಯವಾಗಿದ್ದಾನೆ, ಸೋಲುವುದನ್ನು ಕಲಿತಿದ್ದಾನೆ. ಹತ್ತು ಹೆಜ್ಜೆ ಮುಂದೆ ಓಡಿದ ನಮ್ಮೂರ ಹುಡುಗಿಗೆ ಎರಡನೆಯ ಓಟವೇ ಸಿಗಲಿಲ್ಲ.

ಮಕ್ಕಳಾಟದಲ್ಲಿ ಒಂದು ಮಾತಿದೆ. ತೀರ ಚಿಕ್ಕವರು ಆಟಕ್ಕೆ ಸೇರಿಕೊಂಡರೆ 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎನ್ನುತ್ತೇವೆ. ಅವರೂ ಆಡಲಿ, ಔಟಾದರೆ ಎಣಿಸುವುದು ಬೇಡ ಎಂಬ ಉದಾರ ನಿಯಮ ಅದು. ಬಡವರ ಮಕ್ಕಳ ವಿಷಯದಲ್ಲಿ ನಾವು ಇದನ್ನು ತಿರುಗಿಸಿಬಿಟ್ಟಿದ್ದೇವೆ. ದಾಖಲಾತಿ ಪುಸ್ತಕದಲ್ಲಿ, ಹಾಜರಿಯಲ್ಲಿ, ಬಿಸಿಯೂಟದ ಸಂಖ್ಯೆಯಲ್ಲಿ ಅವರು ಲೆಕ್ಕಕ್ಕುಂಟು. ಆಟಕ್ಕಿಲ್ಲ.

ಕುಟುಂಬ ಕೊಡುವುದು ಏನು?

ಆಟದಲ್ಲಿ ಕುಟುಂಬದ ಪಾತ್ರ ಎಂಥದ್ದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಎರಡು ಒಳ್ಳೆಯ ಉದಾಹರಣೆಗಳಿವೆ.

ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯರು. ಅವರು ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ. ಮದುವೆಯಿದ್ದ ದಿನ ಆಟವಿಲ್ಲ. ಸೌಕರ್ಯ ಅಷ್ಟೇ ಇದ್ದದ್ದು. ಆದರೆ ಅವರ ತಂದೆ ರಮೇಶ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು. ಆಟ ಏನೆಂದು ಬಲ್ಲ, ಮಗನನ್ನು ಕೈಹಿಡಿದು ಕರೆದೊಯ್ಯಬಲ್ಲ ತಂದೆ ಮನೆಯಲ್ಲೇ ಇದ್ದರು. ಪ್ರಕಾಶರ ಪ್ರತಿಭೆ, ಪರಿಶ್ರಮ ಅವರದೇ. ಆದರೆ ಆ ಪ್ರತಿಭೆ ಸಣ್ಣ ವಯಸ್ಸಿನಲ್ಲೇ ಹಾಲಿನ ಬಾಗಿಲು ದಾಟಲು ಮನೆಯ ಕೈ ಬೇಕಾಯಿತು.

ಎರಡನೆಯದು ಕೊಡಗು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಆರಂಭಿಸಿದರು. ಮೊದಲ ವರ್ಷ 60 ಕುಟುಂಬಗಳು ಆಡಿದವು. ಈಗ 300ಕ್ಕೂ ಹೆಚ್ಚು ಕುಟುಂಬಗಳ ತಂಡಗಳು ಸೇರುತ್ತವೆ. ಅಲ್ಲಿನ ನಿಯಮ ಸರಳ: ಒಂದೇ ಮನೆತನದವರು ಒಂದು ತಂಡ. ತಾತನೂ ಆಡಬಹುದು, ಸೊಸೆಯೂ ಆಡಬಹುದು, ಹತ್ತು ವರ್ಷದ ಮೊಮ್ಮಗನೂ ಆಡಬಹುದು. ಅಲ್ಲಿ ಹುಟ್ಟಿದ ಮಗುವಿಗೆ 'ಆಟ ಆಡಿ ಹಾಳಾಗಬೇಡ' ಎಂಬ ಮಾತೇ ಕಿವಿಗೆ ಬೀಳುವುದಿಲ್ಲ. ಸಣ್ಣ ಜಿಲ್ಲೆಯೊಂದು ದೇಶಕ್ಕೆ ಅಷ್ಟು ಮಂದಿ ಹಾಕಿ ಆಟಗಾರರನ್ನು ಕೊಟ್ಟದ್ದಕ್ಕೆ ರಕ್ತದ ಗುಣ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಲ್ಲಿ ಆಟಕ್ಕೆ ಮನೆಯೊಳಗೆ ಜಾಗವಿದೆ, ಕಾರಣ ಅದು.

ಹಾಗಾದರೆ ಓದಿದ, ಅನುಕೂಲಸ್ಥ ಮನೆಗಳಲ್ಲಿ ಎಲ್ಲವೂ ಸರಿಯಿದೆಯೇ? ಇಲ್ಲ. ನಮ್ಮಂಥವರ ಮನೆಗಳ ಕಥೆ ಬೇರೆ. ಆರನೆಯ ವಯಸ್ಸಿಗೆ ಅಕಾಡೆಮಿಗೆ ಸೇರಿಸುತ್ತೇವೆ, ಎಂಟನೆಯ ತರಗತಿಗೆ ಬಂದ ಕೂಡಲೇ ಬಿಡಿಸಿ ಟ್ಯೂಷನ್ನಿಗೆ ಹಾಕುತ್ತೇವೆ. ಹೆಣ್ಣುಮಗುವಾದರೆ ಮೈ ನೆರೆದ ಮೇಲೆ ಮೈದಾನ ಬಂದ್. ಬಿಸಿಲಿಗೆ ಕಪ್ಪಾಗುತ್ತಾಳೆ, ನಾಳೆ ಗಂಡಿನ ಕಡೆಯವರು ಏನೆನ್ನುತ್ತಾರೆ ಎಂಬ ಮಾತನ್ನು ಎಂಜಿನಿಯರುಗಳ, ಪ್ರಾಧ್ಯಾಪಕರ ಮನೆಗಳಲ್ಲೇ ಕೇಳಿದ್ದೇನೆ. ವಿಜಯಪುರದ ರಾಜೇಶ್ವರಿ ಗಾಯಕವಾಡ್ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಪಡೆದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅವರ ತಂದೆ ಒಬ್ಬ ಶಿಕ್ಷಕರು, ಮಗಳು ಆಡಲೆಂದು ಬೆಂಬಲವಾಗಿ ನಿಂತವರು. ಅಂಥ ತಂದೆ ಎಷ್ಟು ಮನೆಯಲ್ಲಿದ್ದಾನೆ ಎಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕು.

'ಪ್ರತಿಭೆಯಿದ್ದರೆ ತಾನೇ ಮೇಲೆ ಬರುತ್ತದೆ'

ಈ ವಿಷಯ ಎತ್ತಿದಾಗಲೆಲ್ಲ ಯಾರಾದರೊಬ್ಬರು ಈ ಮಾತು ಹೇಳುತ್ತಾರೆ. ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರ ಹೆಸರು ತೆಗೆಯುತ್ತಾರೆ. ನಿಜ, ಅವರ ತಂದೆ ಪಿಕಪ್ ವಾಹನದ ಚಾಲಕರು, ದೊಡ್ಡ ಕುಟುಂಬ. ಅಂಥ ಮನೆಯಿಂದ ಬಂದು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರ ಎತ್ತುವುದರಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದರು. ಆದರೆ ಅವರು ಭಾರ ಎತ್ತಲು ಕಲಿತದ್ದು ಎಲ್ಲಿ? ಉಜಿರೆಯ ಕಾಲೇಜಿನಲ್ಲಿ. ಮನೆಗೆ ಆಗದ್ದನ್ನು ಒಂದು ಸಂಸ್ಥೆ ಮಾಡಿತು. ಗುರುರಾಜರ ಕಥೆ ಹೇಳುವುದು ಪ್ರತಿಭೆ ತಾನೇ ಮೇಲೆ ಬರುತ್ತದೆ ಎಂದಲ್ಲ, ಕೈಹಿಡಿಯುವ ಸಂಸ್ಥೆ ಇದ್ದರೆ ಬರುತ್ತದೆ ಎಂದು.

ಸಂಸ್ಥೆ ಕೈ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ತಂದಿತು. ಆಫ್ರಿಕಾ ಮೂಲದ ಈ ಜನ ಶತಮಾನಗಳಿಂದ ಕೂಲಿ ಮಾಡಿ ಬದುಕಿದವರು. ಮಕ್ಕಳು ಬೂಟು ಕಂಡದ್ದೇ ಅಲ್ಲಿ. ಕೆಲವೇ ವರ್ಷದಲ್ಲಿ ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ಮುಂತಾದವರು ರಾಷ್ಟ್ರಮಟ್ಟದಲ್ಲಿ ಹೆಸರಾದರು. 1993ರಲ್ಲಿ ಯೋಜನೆ ನಿಂತಿತು. ಬಹುಪಾಲು ಮಕ್ಕಳು ಬಂದ ಊರಿಗೇ, ಬಂದ ಬದುಕಿಗೇ ಮರಳಿದರು. ಆ ಮಕ್ಕಳ ಮೈಬಲ ಒಂದೇ ವರ್ಷದಲ್ಲಿ ಕರಗಿತೇ? ಇಲ್ಲ. ಹಿಂದೆ ನಿಂತಿದ್ದ ಆಸರೆ ಹೋಯಿತು. ಇಷ್ಟರಲ್ಲಿ ಇನ್ನೊಂದು ಪಾಠವೂ ಇದೆ. ಪದಕದ ಆಸೆಗೆ ಮಾತ್ರ ಮಕ್ಕಳನ್ನು ಹುಡುಕಿಕೊಂಡು ಹೋದರೆ, ಆಸೆ ತೀರಿದ ದಿನ ಮಕ್ಕಳನ್ನೂ ಬಿಟ್ಟುಬಿಡುತ್ತೇವೆ.

ನಾನು ಸೇವೆಯ ಹಲವು ವರ್ಷಗಳನ್ನು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಕಳೆದೆ. ಅಲ್ಲಿ 104ನೇ ಮೈಲಿಯ ಗೇಜಿನಲ್ಲಿ ನೀರಿನ ಮಟ್ಟ ಇಳಿಯಿತೆಂದರೆ ರಾಯಚೂರಿನ ಕೊನೆ ಭಾಗದ ರೈತರು ರಸ್ತೆಗಿಳಿಯುತ್ತಿದ್ದರು. ಕೊನೆ ಭಾಗದ ಹೊಲ ಒಣಗುವುದು ಮಣ್ಣು ಕೆಟ್ಟದ್ದೆಂದಲ್ಲ. ಮೇಲಿನವರು ತೂಬು ಎತ್ತಿಕೊಂಡ ಮೇಲೆ ಉಳಿದದ್ದು ಕೆಳಗೆ ಬರಬೇಕು, ಅದಕ್ಕೆ. ಆಟದ ಕಾಲುವೆಯೂ ಹೀಗೇ ಇದೆ. ಕ್ಲಸ್ಟರ್, ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮಕ್ಕಳನ್ನು ಸೋಸುತ್ತ ಹೋಗುತ್ತೇವೆ. ಸೋಸುವುದು ಮಕ್ಕಳ ವೇಗವನ್ನು ಎಂದು ನಂಬಿದ್ದೇವೆ. ಒಂದೊಂದು ಹಂತದಲ್ಲೂ ಸೋಸಿಹೋಗುವುದು ಒಂದೊಂದು ಬಗೆಯ ಮನೆ: ಮೊದಲು ತಮ್ಮ ತಂಗಿಯರನ್ನು ನೋಡಿಕೊಳ್ಳುವ ಮಕ್ಕಳು, ಆಮೇಲೆ ಜೊತೆಗೆ ಬರಲು ಯಾರೂ ಇಲ್ಲದವರು, ಆಮೇಲೆ ಹೊಟ್ಟೆಗೆ ಸಾಲದವರು. ಕೊನೆಗೆ ಉಳಿದವರಿಗೆ ಪ್ರತಿಭಾವಂತರೆಂದು ಹೆಸರಿಡುತ್ತೇವೆ.

ನನ್ನದೂ ಒಂದು ತಪ್ಪು

ಈ ಮಾತು ಬರೆಯುವಾಗ ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳಲೇಬೇಕು. ಸೇವೆಯ ನಡುವೆ ಸ್ವಲ್ಪ ಕಾಲ ಜಿಲ್ಲಾ ಪಂಚಾಯಿತಿ ಕೆಲಸಕ್ಕೆ ನಿಯೋಜಿತನಾಗಿದ್ದಾಗ ಬೇರೆ ಜಿಲ್ಲೆಯ ಒಂದು ಹಳ್ಳಿ ಶಾಲೆಗೆ ನಾಲ್ಕು ಕೊಠಡಿ ಮಂಜೂರಾಗಿತ್ತು. ಜಾಗ ಹುಡುಕಲು ಹೊರಟರೆ ತಕರಾರು. ಹಣ ವಾಪಸಾಗುವ ಹೊತ್ತು, ಮಾರ್ಚ್ ತಿಂಗಳು. ಕೊನೆಗೆ ಆಟದ ಬಯಲಿನ ನಡುವೆಯೇ ಸುಣ್ಣದ ಗೆರೆ ಹಾಕಿಸಿದೆ. ಕಟ್ಟಡ ಚೆನ್ನಾಗಿ ಬಂತು. ಉದ್ಘಾಟನೆಯ ದಿನ ಒಬ್ಬ ಹುಡುಗ ಬಂದು, 'ಸಾರ್, ನಾವು ಇನ್ನ ಎಲ್ಲಿ ಆಡೋದು?' ಎಂದು ಕೇಳಿದ. 'ಓದಿಕೊಳ್ಳಪ್ಪ' ಎಂದು ಬೆನ್ನು ತಟ್ಟಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆ ಎಂದರೆ ಏನಿರಬೇಕು ಎಂಬ ಪಟ್ಟಿಯಿದೆ. ಶೌಚಾಲಯ, ಕುಡಿಯುವ ನೀರು, ಅಡುಗೆ ಕೋಣೆಯ ಜೊತೆಗೆ ಆಟದ ಮೈದಾನವೂ ಅದರಲ್ಲಿದೆ. ಪ್ರತಿ ತರಗತಿಗೂ ಆಟದ ಸಾಮಗ್ರಿ ಕೊಡಬೇಕು, ನೂರಕ್ಕಿಂತ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗೆ ದೈಹಿಕ ಶಿಕ್ಷಣದ ಬೋಧಕರು ಅರೆಕಾಲಿಕವಾಗಿಯಾದರೂ ಇರಬೇಕು ಎಂದಿದೆ. ಕಾಯ್ದೆ ಬರುವ ಮೊದಲೇ ನಾನು ಆ ಗೆರೆ ಹಾಕಿದ್ದೆ ಎಂಬುದು ಸಮಾಧಾನವಲ್ಲ. ಮನೆಯಂಗಳವಿಲ್ಲದ ಮಗುವಿಗೆ ಇದ್ದ ಒಂದೇ ಅಂಗಳವನ್ನು ನಾನು ಕಿತ್ತುಕೊಂಡೆ. ಉಳ್ಳವರ ಮಗು ಬೇರೆ ಕಡೆ ಹೋಗಿ ಆಡಿತು. ಕಳೆದುಕೊಂಡದ್ದು ಇಲ್ಲದವರ ಮಗು.

ಮಾಡಬಹುದಾದ ಕೆಲಸ

ಪ್ರತಿ ಮನೆಯನ್ನೂ ಬದಲಾಯಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಮನೆಯ ಸ್ಥಿತಿಗೂ ಮಗುವಿನ ಆಟಕ್ಕೂ ಇರುವ ಗಂಟನ್ನು ಸಡಿಲಿಸುವುದು ಸಾಧ್ಯ. ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು, ಆಟ ಶಾಲೆಯ ವೇಳೆಯೊಳಗೇ ನಡೆಯಬೇಕು. ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳಗಿನ ಆರು ಗಂಟೆಯ ತರಬೇತಿ, ಸಂಜೆ ಆರರ ತರಬೇತಿ ಎಂದ ಕೂಡಲೇ ಕೂಲಿಯವರ ಮಗು ಹೊರಗುಳಿಯಿತು. ಹೂವಿನ ತೋಟದ ಕೂಲಿ ನಸುಕಿನಲ್ಲೇ ಶುರುವಾಗುತ್ತದೆ. ಆ ಹೊತ್ತಿನಲ್ಲಿ ಮನೆ ಕಾಯುವವರು ಮಕ್ಕಳೇ. ಶಾಲೆಯ ಆ ಆರೇಳು ಗಂಟೆ ಮಾತ್ರ ಎಲ್ಲ ಮಕ್ಕಳಿಗೂ ಸಮಾನವಾಗಿ ಸಿಗುವ ಹೊತ್ತು. ವೇಳಾಪಟ್ಟಿಯಲ್ಲಿರುವ ಆಟದ ಅವಧಿಯನ್ನು ಗಣಿತಕ್ಕೆ ಎತ್ತಿಕೊಳ್ಳುವುದನ್ನು ನಿಲ್ಲಿಸಿದರೂ ಸಾಕು, ಅರ್ಧ ಕೆಲಸವಾದಂತೆ.

ಎರಡನೆಯದು, ಸಣ್ಣ ಮಕ್ಕಳನ್ನು ಸೋಸುವುದು ಬೇಡ. ನಾರ್ವೆ ದೇಶದಲ್ಲಿ ಮಕ್ಕಳ ಕ್ರೀಡೆಗೆಂದೇ 1987ರಿಂದ ನಿಯಮಗಳಿವೆ. ಹನ್ನೊಂದು ತುಂಬುವವರೆಗೆ ಫಲಿತಾಂಶ ಪಟ್ಟಿಯಿಲ್ಲ, ಶ್ರೇಯಾಂಕವಿಲ್ಲ. ಹದಿಮೂರರ ಒಳಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ಎಲ್ಲರೂ ಆಡಬೇಕು ಎಂಬುದೇ ನಿಯಮ. ಹಾಗೆ ಮಾಡಿ ಅವರು ಹಿಂದುಳಿದರೇ? ಸುಮಾರು 55 ಲಕ್ಷ ಜನಸಂಖ್ಯೆಯ ಆ ದೇಶ 2018ರ ಚಳಿಗಾಲದ ಒಲಿಂಪಿಕ್ಸಿನಲ್ಲಿ 39 ಪದಕ ಗೆದ್ದು ಎಲ್ಲರಿಗಿಂತ ಮುಂದೆ ನಿಂತಿತು. ಬುಡ ಅಗಲವಾಗಿದ್ದರೆ ಗೋಪುರ ಎತ್ತರ ಹೋಗುತ್ತದೆ. ಇದು ಕಟ್ಟಡ ಕಟ್ಟುವ ಯಾವ ಮೇಸ್ತ್ರಿಗೂ ಗೊತ್ತಿರುವ ಮಾತು.

ಮೂರನೆಯದು, ತಮ್ಮ ತಂಗಿಯರ ಆರೈಕೆ. 2023ರಲ್ಲಿ ರಾಜ್ಯ ಸರ್ಕಾರ ನರೇಗಾ ಕೂಲಿಕಾರ ತಾಯಂದಿರ ಎಳೆಯ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಯೋಜನೆ ಘೋಷಿಸಿತು. ಅದು ಬರಿಯ ಮಹಿಳಾ ಯೋಜನೆ ಎಂದು ನಾವು ಭಾವಿಸಿದ್ದೇವೆ. ನನ್ನ ದೃಷ್ಟಿಯಲ್ಲಿ ಅದು ಕ್ರೀಡಾ ಯೋಜನೆಯೂ ಹೌದು. ಕಂಕುಳಲ್ಲಿ ಮಗು ಹೊತ್ತ ಅಕ್ಕಂದಿರ ಕಂಕುಳು ಖಾಲಿಯಾದರೆ ಅವರು ಓಡುತ್ತಾರೆ. ಅದೇ ವರ್ಷದ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣವೂ ಉಚಿತವಾಗಿದೆ. ಬಸ್ಸು ಬಂತು, ಇನ್ನು ಹತ್ತಿಸುವವರು ಬೇಕು. ಪಂಚಾಯಿತಿ ಸದಸ್ಯರು ಕೂಸಿನ ಮನೆಯನ್ನು ಹೆಸರಿಗೆ ಮಾತ್ರ ತೆರೆಯದೆ ಕೂಲಿಯ ವೇಳೆಗೆ ತಕ್ಕಂತೆ ನಡೆಸಬೇಕು. ನರೇಗಾದಲ್ಲೇ ಆಟದ ಮೈದಾನ ಸಮತಟ್ಟು ಮಾಡಿಸಲೂ ಅವಕಾಶವಿತ್ತು, ಹಲವು ಊರುಗಳು ಅದನ್ನು ಬಳಸಿಕೊಂಡವು. ಆ ಮೈದಾನಗಳು ತಿಪ್ಪೆಯಾಗದಂತೆ ನೋಡಿಕೊಳ್ಳುವುದು ಊರಿನವರ ಕೆಲಸ.

ನಾಲ್ಕನೆಯದು ನಮ್ಮ ಮಠಗಳಿಗೆ, ನಮ್ಮ ವಿದ್ಯಾಸಂಸ್ಥೆಗಳಿಗೆ ಸಂಬಂಧಿಸಿದ್ದು. ನಾನು ಹೈಸ್ಕೂಲು, ಪಿಯುಸಿ ಓದಿದ್ದು ಮಠದ ಉಚಿತ ಪ್ರಸಾದ ನಿಲಯದಲ್ಲಿ. ನನ್ನಪ್ಪ ಎರಡು ಎಕರೆ ಖುಷ್ಕಿಯ ರೈತ. ಅಲ್ಲಿ ಎರಡು ಹೊತ್ತು ಪ್ರಸಾದ, ಮಲಗಲು ಚಾಪೆ, ಓದಲು ದೀಪ ಸಿಗದಿದ್ದರೆ ನಾನು ಎಂಜಿನಿಯರಾಗುತ್ತಿರಲಿಲ್ಲ. ಓದಿನ ವಿಷಯದಲ್ಲಿ ಮನೆಯ ಬಡತನ ಮಗುವಿನ ಹಣೆಬರಹವಾಗಬಾರದು ಎಂದು ನಮ್ಮ ಹಿರಿಯರು ಅಂದೇ ತೀರ್ಮಾನಿಸಿದ್ದರು. ಅದೇ ತೀರ್ಮಾನವನ್ನು ಆಟಕ್ಕೂ ವಿಸ್ತರಿಸಬೇಕಾಗಿದೆ. ನಮ್ಮ ಸಂಸ್ಥೆಗಳಲ್ಲಿ ವಿಶಾಲ ಮೈದಾನಗಳಿವೆ. ಸಂಜೆ ನಾಲ್ಕೂವರೆಗೆ ಗೇಟಿಗೆ ಬೀಗ ಬೀಳುತ್ತದೆ. ಪಕ್ಕದ ಸರ್ಕಾರಿ ಶಾಲೆಯ ಮಕ್ಕಳು ಕಾಂಪೌಂಡಿನ ಮೇಲೆ ಕುಳಿತು ಒಳಗೆ ನೋಡುತ್ತಾರೆ. ಆ ಬೀಗವನ್ನು ಭಾನುವಾರ ಮತ್ತು ರಜಾದಿನಗಳಲ್ಲಿ ತೆಗೆದಿಡಲು ಯಾವ ಅನುದಾನವೂ ಬೇಕಿಲ್ಲ. ನಮ್ಮ ದೈಹಿಕ ಶಿಕ್ಷಕರನ್ನು ವಾರಕ್ಕೊಂದು ದಿನ ಪಕ್ಕದ ಶಾಲೆಗೆ ಕಳಿಸಿದರೆ ಅದೂ ದಾಸೋಹವೇ. ಜಾತ್ರೆಯ ಕುಸ್ತಿಗೆ ಬಹುಮಾನ ಕೊಡುವ ಸದ್ಭಕ್ತರು, ಕ್ರೀಡಾಕೂಟಕ್ಕೆ ಹೋಗುವ ಹತ್ತು ಮಕ್ಕಳ ಜೊತೆ ಒಬ್ಬ ದೊಡ್ಡವರನ್ನು, ಒಂದು ಬುತ್ತಿಯನ್ನು ಕಳಿಸಲಿ. ಗೆದ್ದ ಮೇಲೆ ಹಾರ ಹಾಕಲು ನಾವೆಲ್ಲ ಸಾಲು ನಿಲ್ಲುತ್ತೇವೆ. ಓಡುವ ಮೊದಲು ನಿಲ್ಲುವವರು ಬೇಕಾಗಿದ್ದಾರೆ.

ಕೊನೆಯ ಮಾತು

200 ಮೀಟರ್ ಓಡಿದ ಆ ಹುಡುಗಿಗೆ ಈಗ ಇಪ್ಪತ್ತು. ಹತ್ತನೆಯ ತರಗತಿಗೆ ಓದು ನಿಂತಿತು. ಬೆಳಿಗ್ಗೆ ಗಾರ್ಮೆಂಟ್ಸ್ ವ್ಯಾನು ಹತ್ತುವಾಗ ಬಸ್ ನಿಲ್ದಾಣದಲ್ಲಿ ಕಾಣುತ್ತಾಳೆ, 'ಚೆನ್ನಾಗಿದೀರಾ ಸಾರ್' ಎನ್ನುತ್ತಾಳೆ. ಬೂಟಿನ ವಿಷಯ ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಅವಳು ದೊಡ್ಡ ಓಟಗಾರ್ತಿ ಆಗುತ್ತಿದ್ದಳೇ? ಗೊತ್ತಾಗುವ ದಾರಿಯೇ ಇಲ್ಲದಂತೆ ಮಾಡಿದೆವಲ್ಲ, ನನ್ನ ಕೊರಗು ಅದು.

ಅಂದು ಅವಳು ಕಂಕುಳಲ್ಲಿ ಎತ್ತಿಕೊಂಡಿದ್ದ ತಮ್ಮ ಈಗ ನಾಲ್ಕನೆಯ ತರಗತಿ. ನಾವು ನಾಲ್ಕೈದು ಜನ ನಿವೃತ್ತರು ಸೇರಿ, ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಎರಡು ವರ್ಷದಿಂದ ವಾರಕ್ಕೆ ಮೂರು ದಿನ ಕೊನೆಯ ಅವಧಿಯಲ್ಲಿ ಶಾಲೆಯ ಬಯಲಿಗೆ ಹೋಗುತ್ತೇವೆ. ನಮಗೆ ತರಬೇತಿ ಕೊಡಲು ಬರುವುದಿಲ್ಲ. ಸೀಟಿ ಊದುತ್ತೇವೆ, ಖೋಖೋ ಕಂಬ ನೆಡುತ್ತೇವೆ, ಬಿದ್ದವರ ಮಂಡಿ ತೊಳೆಯುತ್ತೇವೆ. ಅಷ್ಟೇ. ಆ ಹುಡುಗ ಅಕ್ಕನಷ್ಟು ಜೋರಾಗಿ ಓಡುವುದಿಲ್ಲ. ಆದರೆ ಪ್ರತಿದಿನ ಓಡುತ್ತಾನೆ, ಓಡುವಾಗ ನೋಡಲು ನಾವು ಇದ್ದೇವೆ.

ನಿಮ್ಮ ಊರಿನಲ್ಲೂ ಇಂಥ ಒಂದು ಬಯಲಿರುತ್ತದೆ. ನಿವೃತ್ತರಾದವರ ಬಳಿ ಸಂಜೆಯ ಹೊತ್ತೂ ಇರುತ್ತದೆ. ಎರಡನ್ನೂ ಸೇರಿಸಿ ನೋಡಿ ಎಂದು ವಿನಂತಿಸುತ್ತೇನೆ.